ಬಾಳೆಹೊನ್ನೂರಿನ ವಿಜ್ಞಾನಿಗಳನ್ನು ನೆನೆಯುವುದಾದರೆ

ನಮ್ಮ ಕಡೆ ವಿಜ್ಞಾನಿಯೊಬ್ಬರು ತೀರಿಕೊಂಡರೆ ನುಡಿನಮನದಲ್ಲಿ ಓದುವ ಕಾಗದ ಹೆಚ್ಚುಕಡಿಮೆ ಒಂದೇ ಧಾಟಿಯಲ್ಲಿರುತ್ತದೆ. ಹುಟ್ಟಿದ ಊರು, ಓದಿದ ಕಾಲೇಜು, ಸೇರಿದ ಇಲಾಖೆ, ಬಡ್ತಿ, ಪ್ರಶಸ್ತಿ, ನಿವೃತ್ತಿ. ಮೂವತ್ತು ವರ್ಷ ಆ ಮನುಷ್ಯ ಬೆಳಿಗ್ಗೆ ಕೆಲಸಕ್ಕೆ ಹೋಗಿ ಏನು ಮಾಡುತ್ತಿದ್ದರು ಅನ್ನುವುದೊಂದು ಬಿಟ್ಟು ಉಳಿದೆಲ್ಲ ಅದರಲ್ಲಿರುತ್ತದೆ. ಹೆಸರು, ಹುದ್ದೆ ಅಳಿಸಿ ಓದಿದರೆ ಬ್ಯಾಂಕ್ ಮ್ಯಾನೇಜರಿಗೂ ಹೊಂದುತ್ತದೆ.

ಬರೆಯುವವರಿಗೆ ನಾಲ್ಕು ಪ್ರಶ್ನೆ ಸಾಕು. ಅವರು ಬರುವ ಮೊದಲು ಆ ಸಮಸ್ಯೆ ಹೇಗಿತ್ತು? ಅವರು ಕೈಯಾರೆ ಮಾಡಿದ್ದೇನು? ಅದು ಎಷ್ಟು ಕಾಲ ನಿಂತಿತು? ಎಲ್ಲಿ ಕೈಕೊಟ್ಟಿತು? ಕೊನೆಯದನ್ನು ಸಭೆಯಲ್ಲಿ ಯಾರೂ ಎತ್ತುವುದಿಲ್ಲ, ಅಗೌರವ ಆಗುತ್ತದೆಂಬ ಅಳುಕು. ಆದರೆ ಮುಂದೆ ಬಂದವರು ಯಾವ ಕೆಲಸ ಹಿಡಿದರು ಅನ್ನುವುದು ತಿಳಿಯುವುದೇ ಅಲ್ಲಿಂದ. ಚಿಕ್ಕಮಗಳೂರು, ಹಾಸನದ ತೋಟಗಳಲ್ಲಿ ಇವತ್ತಿಗೂ ಬಳಕೆಯಲ್ಲಿರುವ ಕೆಲಸವನ್ನು ನಮಗೆ ಬಿಟ್ಟುಹೋದ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ನಂಟಿದ್ದ ಮೂವರನ್ನು ಇಟ್ಟುಕೊಂಡು ನೋಡೋಣ.

ಮೊದಲನೆಯವರು ಲೆಸ್ಲಿ ಕೋಲ್ಮನ್. ಕೆನಡಾದವರು, ಹುಟ್ಟಿದ್ದು 1878ರಲ್ಲಿ, ತೀರಿಕೊಂಡದ್ದು 1954ರಲ್ಲಿ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಶಿಲೀಂಧ್ರ ಮತ್ತು ಕೀಟಗಳ ತಜ್ಞರಾಗಿ ಬಂದರು, 1913ರಲ್ಲಿ ಕೃಷಿ ನಿರ್ದೇಶಕರಾದರು, 1934ರಲ್ಲಿ ಊರಿಗೆ ಮರಳಿದರು. ಹೆಬ್ಬಾಳದ ಕೃಷಿ ಶಾಲೆ, ಮಂಡ್ಯದ ಸಕ್ಕರೆ ಕಾರ್ಖಾನೆ ಅಂತ ಅವರ ಹೆಸರಿನ ಜೊತೆ ಬರುವ ಪಟ್ಟಿ ಎಲ್ಲರಿಗೂ ಬಾಯಿಪಾಠ. ಮಲೆನಾಡಿನವರು ಹಿಡಿದುಕೊಳ್ಳಬೇಕಾದದ್ದು ಅಡಿಕೆಯ ಕೊಳೆರೋಗದ ಮೇಲೆ 1910ರಲ್ಲಿ ಅವರು ಹೊರತಂದ ಬುಲೆಟಿನ್ನು.

ಅದಕ್ಕೆ ಮೊದಲು ತೋಟಿಗರಿಗಿದ್ದ ದಾರಿ ಕೊಟ್ಟೆ ಕಟ್ಟುವುದು. ಮಳೆ ಹಿಡಿಯುವ ಮೊದಲೇ ಮರ ಹತ್ತಿ ಗೊನೆಗೊನೆಗೂ ಹೊದಿಕೆ ಕಟ್ಟಬೇಕು. ಕಟ್ಟಿದರೆ ಕಾಯಿ ಉಳಿಯುತ್ತದೆ, ಸುಳ್ಳಲ್ಲ. ಆದರೆ ಒಬ್ಬ ಕೊನೆಗಾರ ದಿನಕ್ಕೆ ಎಷ್ಟು ಮರ ಹತ್ತಿಯಾನು? ಕೋಲ್ಮನ್ ರೋಗಕ್ಕೆ ಕಾರಣವಾದ ಜೀವಿಯನ್ನು ಹಿಡಿದು ಫೈಟಾಫ್ತೊರಾ ಗುಂಪಿಗೆ ಸೇರಿಸಿದರು. ಇದರ ಬೀಜಾಣುಗಳು ನೀರಿನಲ್ಲಿ ಈಜುತ್ತವೆ. ಹಾಗಾಗಿ ಕಾಯಿಯ ಮೇಲೆ ನೀರಿನ ಪದರ ನಿಂತಷ್ಟು ಹೊತ್ತೂ ಅಪಾಯ. ಕಾಯಿಯೊಳಗೆ ಹೊಕ್ಕ ಮೇಲೆ ಹೊರಗಿಂದ ಏನು ಹೊಡೆದರೂ ಉಪಯೋಗವಿಲ್ಲ. ಔಷಧಿ ಮಳೆಗೆ ಮುಂಚೆಯೇ ಗೊನೆಯ ಮೇಲೆ ಕೂತಿರಬೇಕು, ಮಳೆಗೆ ತೊಳೆದುಹೋಗಬಾರದು.

ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿ ಮಾಡುವ ಬೋರ್ಡೋ ದ್ರಾವಣವೇ ಆ ಔಷಧಿ. ಅದು ಕೋಲ್ಮನ್ ಕಂಡುಹಿಡಿದದ್ದಲ್ಲ. ಅದು ಫ್ರಾನ್ಸಿನ ದ್ರಾಕ್ಷಿ ತೋಟಗಳಿಂದ ಬಂದದ್ದು, 1880ರ ದಶಕದಲ್ಲಿ ಮಿಯಾರ್ದೆ ಅನ್ನುವವರ ಕೆಲಸ. ಕೋಲ್ಮನ್ ಮಾಡಿದ್ದು ಅದನ್ನು ನಮ್ಮ ಮಳೆಗೆ ಒಗ್ಗಿಸಿದ್ದು. ರಾಳವನ್ನು ಸೋಡಾ ಜೊತೆ ಕುದಿಸಿ ದ್ರಾವಣಕ್ಕೆ ಸೇರಿಸಿದರೆ ನುಣುಪಾದ ಅಡಿಕೆ ಕಾಯಿಗೂ ಅದು ಅಂಟಿಕೊಳ್ಳುತ್ತದೆ ಎಂದು ಅವರು ಶಿಫಾರಸು ಮಾಡಿದರು. ಎಷ್ಟೋ ಕಡೆ ‘ಬೋರ್ಡೋ ಕಂಡುಹಿಡಿದ ಕೋಲ್ಮನ್’ ಎಂದು ಬರೆದುಬಿಡುತ್ತಾರೆ. ಅವರದಲ್ಲದ್ದನ್ನು ಅವರ ತಲೆಗೆ ಕಟ್ಟಿ, ಅವರದೇ ಆದದ್ದನ್ನು ಬಿಟ್ಟ ಹಾಗಾಯಿತು.

ಆ ಕೆಲಸದ ನಾಜೂಕು ತಿಳಿಯಬೇಕಾದರೆ ದ್ರಾವಣ ಮಾಡುವ ಕ್ರಮ ಗೊತ್ತಿರಬೇಕು. ಅಡಿಕೆಗೆ ಶೇಕಡಾ 1ರ ದ್ರಾವಣ: 100 ಲೀಟರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಟ್ಟ ಸುಣ್ಣ. ಮೈಲುತುತ್ತವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ 50 ಲೀಟರ್ ನೀರಿನ ಮೇಲ್ಭಾಗದಲ್ಲಿ ತೂಗುಬಿಡಬೇಕು. ತಳಕ್ಕೆ ಸುರಿದರೆ ಅಲ್ಲೇ ಕೂತು ಕರಗಲು ಸತಾಯಿಸುತ್ತದೆ. ಪಾತ್ರೆ ಪ್ಲಾಸ್ಟಿಕ್ಕಿನದೋ ಮರದ್ದೋ ಇರಲಿ, ಕಬ್ಬಿಣದ್ದು ಬೇಡ, ತಾಮ್ರವೆಲ್ಲ ಕಬ್ಬಿಣಕ್ಕೆ ಹತ್ತಿಬಿಡುತ್ತದೆ. ಇನ್ನೊಂದು ಪಾತ್ರೆಯಲ್ಲಿ ಸುಣ್ಣಕ್ಕೆ ಸ್ವಲ್ಪಸ್ವಲ್ಪವೇ ನೀರು ಹಾಕಿ ಅರಳಿಸಿ, 50 ಲೀಟರ್ ಮಾಡಿ ಸೋಸಬೇಕು. ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕೋಲಿನಲ್ಲಿ ತಿರುಗಿಸಬೇಕು. ತಿಳಿ ಆಕಾಶನೀಲಿ ಬರುತ್ತದೆ. ಉಜ್ಜಿ ಶುಚಿ ಮಾಡಿದ ಕತ್ತಿಯ ಅಲಗನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪಗೆ ತಾಮ್ರ ಹತ್ತಿದ್ದರೆ ಸುಣ್ಣ ಸಾಲದು, ಇನ್ನಷ್ಟು ಸುಣ್ಣದ ನೀರು ಹಾಕಬೇಕು. ಹಾಗೇ ಹೊಡೆದರೆ ಎಳೆಕಾಯಿ ಸುಡುತ್ತದೆ. ಗಾಳಿಗೆ ಬಿದ್ದು ಹಿಟ್ಟಾದ ಹಳೇ ಸುಣ್ಣ ಹಾಕಿದವರಿಗೆ ಇದು ಆಗಿಯೇ ಆಗುತ್ತದೆ, ತೂಕ ಸರಿಯಿದ್ದರೂ ಸುಣ್ಣದ ಸತ್ವ ಹೋಗಿರುತ್ತದೆ. ಮಾಡಿದ ದ್ರಾವಣ ಅದೇ ದಿನ ಮುಗಿಯಬೇಕು. ರಾತ್ರಿ ಕಳೆದರೆ ಕಣಗಳು ದಪ್ಪಗಾಗಿ ಅಂಟುವ ಗುಣ ಹೋಗುತ್ತದೆ.

ಎಲ್ಲಿ ಕೈಕೊಟ್ಟಿತು? ಮೊದಲ ಸಲ ಮಳೆಗೆ ಮುಂಚೆ ಹೊಡೆದು, 40–45 ದಿನಕ್ಕೆ ಎರಡನೇ ಸಲ ಹೊಡೆಯಬೇಕು. ಶೃಂಗೇರಿ, ಕೊಪ್ಪದ ಕಡೆ ಆ ಹೊತ್ತಿಗೆ ಮಳೆ ಬಿಡುವೇ ಕೊಡದ ವರ್ಷಗಳುಂಟು. ಒದ್ದೆ ಮರ ಹತ್ತಲು ಕೊನೆಗಾರರೂ ಸಿಗುವುದಿಲ್ಲ. ಈಚೆಗೆ ನೆಲದಲ್ಲೇ ನಿಂತು ಔಷಧಿ ಹೊಡೆಯುವ ಉದ್ದನೆಯ ದೋಟಿ ಬಂದು ಹತ್ತುವ ಕಷ್ಟ ಅಷ್ಟಿಷ್ಟು ಕಡಿಮೆಯಾಗಿದೆ, ಮಳೆಯ ಕಷ್ಟ ಹಾಗೇ ಇದೆ.

ಎರಡನೆಯವರು ಡಬ್ಲ್ಯೂ. ವಿಲ್ಸನ್ ಮೇನ್. ಇವರ ಹೆಸರು ಕಾಫಿ ಬೆಳೆಯುವವರಲ್ಲೂ ಬಹಳ ಮಂದಿಗೆ ಗೊತ್ತಿಲ್ಲ, ಗೊತ್ತಿರಬೇಕಿತ್ತು.

ಕಾಫಿಯ ಎಲೆತುಕ್ಕು ರೋಗವನ್ನು ಸಿಲೋನಿನಿಂದ (ಇಂದಿನ ಶ್ರೀಲಂಕಾ) ಹೋದ ಎಲೆಗಳ ಮೇಲೆ ಗುರುತಿಸಿ ಹೆಸರಿಟ್ಟದ್ದು 1869ರಲ್ಲಿ. ಮುಂದೆ ಅಲ್ಲಿ ಕಾಫಿಯೇ ಹೋಗಿ ಚಹಾ ಬಂತು. ನಮ್ಮಲ್ಲಿ ಹಳೆಯ ‘ಚಿಕ್’ ತಳಿ ಸೋತು, ‘ಕೂರ್ಗ್’ ಬಂದು ಅದೂ ಸೋತು, 1911ರಲ್ಲಿ ಕೆಂಟ್ ಎಂಬ ಪ್ಲಾಂಟರು ಮೈಸೂರು ಸೀಮೆಯ ತೋಟದಲ್ಲಿ ಆರಿಸಿದ ಗಿಡದ ಸಂತಾನ ‘ಕೆಂಟ್’ ಹೆಸರಲ್ಲಿ ಹಬ್ಬಿತು. 1915ರಲ್ಲಿ ಕೊಪ್ಪದಲ್ಲಿ ತಾತ್ಕಾಲಿಕವಾಗಿ ಒಂದು ಪ್ರಯೋಗ ಕೇಂದ್ರ ಶುರುವಾದದ್ದೇ ಈ ಎಲೆರೋಗದ ಸಲುವಾಗಿ. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಯಂ ಕೇಂದ್ರ ಬಂತು, ಅದರ ಹಿಂದೆಯೂ ಕೋಲ್ಮನ್ ಇದ್ದರು. ಅಷ್ಟರಲ್ಲಿ ಕೆಂಟ್ ಗಿಡಕ್ಕೂ ತುಕ್ಕು ಹತ್ತಲು ಶುರುವಾಗಿತ್ತು. ಗಿಡ ‘ಹಳತಾಗಿ ಶಕ್ತಿ ಕಳೆದುಕೊಂಡಿತು’ ಎಂದು ಸುಮ್ಮನಾಗಬಹುದಿತ್ತು.

ಮೇನ್ ಸುಮ್ಮನಾಗಲಿಲ್ಲ. ಗಿಡ ಬದಲಾಗಿಲ್ಲ, ತುಕ್ಕಿನಲ್ಲೇ ಒಂದಕ್ಕಿಂತ ಹೆಚ್ಚು ಬಗೆಗಳಿವೆ ಎಂದು ತೋರಿಸಿ 1932ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ದಶಕ ಮುಗಿಯುವ ಹೊತ್ತಿಗೆ ನಾಲ್ಕು ಬಗೆಗಳನ್ನು ಬೇರ್ಪಡಿಸಿದ್ದರು. ಕಾಫಿ ತುಕ್ಕಿನ ವಿಷಯದಲ್ಲಿ ಜಗತ್ತಿನಲ್ಲಿ ಮೊದಲು ಇದನ್ನು ತೋರಿಸಿದ್ದು ಭದ್ರಾ ದಂಡೆಯ ಈ ಊರಿನಲ್ಲಿ. ಇದೇ ಕೆಲಸಕ್ಕೆಂದು ಪೋರ್ಚುಗಲ್ಲಿನಲ್ಲಿ ದೊಡ್ಡ ಕೇಂದ್ರ ಬಂದದ್ದು 1955ರಲ್ಲಿ.

ಕೆಲಸದ ಒಳಗುಟ್ಟು ಹೀಗೆ. ಒಂದು ಎಲೆಯ ಕಿತ್ತಳೆ ಪುಡಿ ತೆಗೆದು ಬೇರೆ ಬೇರೆ ತಳಿಯ ಎಲೆಗಳಿಗೆ ಹಚ್ಚಿ, ಯಾವುದಕ್ಕೆ ಹತ್ತಿತು, ಯಾವುದಕ್ಕೆ ಹತ್ತಲಿಲ್ಲ ಎಂದು ಬರೆದುಕೊಳ್ಳಬೇಕು. ಹಚ್ಚುವುದು ಎಲೆಯ ಅಡಿಗೆ, ಯಾಕೆಂದರೆ ಕಾಫಿ ಎಲೆ ಉಸಿರಾಡುವ ರಂಧ್ರಗಳಿರುವುದು ಅಡಿಯಲ್ಲೇ, ತುಕ್ಕು ಒಳಹೋಗುವುದೂ ಅಲ್ಲಿಂದಲೇ. ನೀರಹನಿ ಇರಬೇಕು, ಬೆಳಕು ಕಡಿಮೆ ಇರಬೇಕು, ಸೆಕೆ ಹೆಚ್ಚಿರಬಾರದು. ಆಮೇಲೆ ವಾರಗಟ್ಟಲೆ ಕಾಯುವ ಕೆಲಸ, ಚುಕ್ಕೆ ಕಾಣಿಸಿ ಪುಡಿ ಏಳಲು ಮೂರು–ನಾಲ್ಕು ವಾರ ಬೇಕು. ನಡುವೆ ಪಕ್ಕದ ಗಿಡದ ಪುಡಿ ಗಾಳಿಯಲ್ಲಿ ಬಂದು ಕೂತರೆ ಇಡೀ ಲೆಕ್ಕ ಕೆಟ್ಟಂತೆ. ಇವತ್ತು ತೋಟದಲ್ಲಿ ಕಾಫಿಗೆ 200 ಲೀಟರ್ ಬ್ಯಾರಲ್ಲಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣದಂತೆ ಶೇಕಡಾ ಅರ್ಧದ ಬೋರ್ಡೋ ಹೊಡೆಸುವಾಗ ‘ಎಲೆ ಅಡಿಗೆ ಹೊಡೀರಿ’ ಎಂದು ಕೂಗುತ್ತಾರಲ್ಲ, ಅದಕ್ಕೂ ಕಾರಣ ಇದೇ ರಂಧ್ರ. ಮೇಲಿಂದ ನೀಲಿ ಬಳಿದರೆ ಕಣ್ಣಿಗೆ ಚೆಂದ, ಅಷ್ಟೇ.

ಮೂರನೆಯವರು ಆರ್. ಎಲ್. ನರಸಿಂಹಸ್ವಾಮಿ. ಎಸ್. 795 ಎಂಬ ಕಾಫಿ ತಳಿ ಅಂದರೆ ಅವರ ಹೆಸರು, ಅವರ ಹೆಸರೆಂದರೆ ಎಸ್. 795.

ಅರೇಬಿಕಾ ಮತ್ತು ಲೈಬೀರಿಕಾ ಎಂಬ ಎರಡು ಕಾಫಿ ಜಾತಿಗಳು ತಾವಾಗಿಯೇ ಬೆರೆತು ಹುಟ್ಟಿದ ಎಸ್. 26 ಎಂಬ ಗಿಡದ ಸಂತಾನದಲ್ಲಿ ಎಸ್. 288 ಸಿಕ್ಕಿತ್ತು. ಅರೇಬಿಕಾಕ್ಕೆ 44 ವರ್ಣತಂತು, ಲೈಬೀರಿಕಾಕ್ಕೆ 22, ಇಂಥ ಬೆರಕೆ ಫಲ ಕೊಟ್ಟು ಮುಂದುವರಿಯುವುದೇ ಅಪರೂಪ. ಮೇನ್ ಗುರುತಿಸಿದ ಮೊದಲ ಎರಡು ಬಗೆಯ ತುಕ್ಕನ್ನು ಎಸ್. 288 ತಡೆಯುತ್ತಿತ್ತು, ಆದರೆ ಬೀಜದ ಗುಣಮಟ್ಟ ಕೆಂಟಿನಷ್ಟು ಇರಲಿಲ್ಲ. ಎಸ್. 288ಕ್ಕೆ ಕೆಂಟನ್ನು ಕೂಡಿಸಿ ಬಂದದ್ದು ಎಸ್. 795. ತೋಟಗಳಿಗೆ ಬಿಡುಗಡೆಯಾದದ್ದು 1945–46ರಲ್ಲಿ.

‘ಕೂಡಿಸಿ’ ಎಂದು ಒಂದು ಪದದಲ್ಲಿ ಮುಗಿಸುವ ಕೆಲಸ ನಿಜಕ್ಕೂ ಎಷ್ಟಿದೆ ಗೊತ್ತೇ? ಮಾರ್ಚ್–ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಎಂಟು–ಹತ್ತು ದಿನಕ್ಕೆ ಹೂವು ಅರಳುತ್ತದೆ, ಎರಡು–ಮೂರು ದಿನದಲ್ಲಿ ಬಾಡುತ್ತದೆ. ವರ್ಷದ ಕೆಲಸಕ್ಕೆ ಅಷ್ಟೇ ಅವಕಾಶ, ಮಳೆ ಯಾವಾಗ ಬೀಳುತ್ತದೋ ಗೊತ್ತಿಲ್ಲ. ಅರೇಬಿಕಾ ತನ್ನ ಪರಾಗದಲ್ಲೇ ಕಾಯಿ ಕಟ್ಟುವ ಗಿಡ, ಆದ್ದರಿಂದ ಅರಳುವ ಹಿಂದಿನ ದಿನವೇ ಮೊಗ್ಗಿನ ಗಂಡುಭಾಗ ತೆಗೆಯಬೇಕು. ಕಾಫಿ ಹೂವಿನಲ್ಲಿ ಒಂದು ಅನುಕೂಲವಿದೆ: ಪರಾಗಕೋಶಗಳು ಎಸಳಿನ ಕೊಳವೆಗೇ ಅಂಟಿಕೊಂಡಿರುತ್ತವೆ. ಬೆಳ್ಳಗಾದ ಮೊಗ್ಗನ್ನು ಚಿಮಟದಲ್ಲಿ ಹಿಡಿದು ಹುಷಾರಾಗಿ ಎಳೆದರೆ ಕೊಳವೆಯ ಜೊತೆ ಪರಾಗಕೋಶಗಳೂ ಬರುತ್ತವೆ, ಬರಿಯ ಶಲಾಕೆ, ಅಂದರೆ ಹೆಣ್ಣುಭಾಗ, ನಿಲ್ಲುತ್ತದೆ. ಜೋರಾಗಿ ಎಳೆದರೆ ಅದೂ ಮುರಿಯುತ್ತದೆ. ಆ ರೆಂಬೆಗೆ ಚೀಲ ಕಟ್ಟಿ, ಮಾರನೆಯ ಬೆಳಿಗ್ಗೆ ಇನ್ನೊಂದು ತಳಿಯ ಪರಾಗ ಮುಟ್ಟಿಸಿ, ಮತ್ತೆ ಚೀಲ ಕಟ್ಟಿ, ಚೀಟಿ ತೂಗುಹಾಕಬೇಕು. ಹೊರಗಿನ ಪರಾಗ ಒಂದಿಷ್ಟು ಸೋಂಕಿದರೂ ಬೆರಕೆ ಯಾವುದು, ಬೆರಕೆಯಲ್ಲದ್ದು ಯಾವುದು ಎಂದು ತಿಳಿಯಲು ಆಮೇಲೆ ವರ್ಷಗಳೇ ಬೇಕು.

ಹಣ್ಣಾಗಲು ಎಂಟು–ಒಂಬತ್ತು ತಿಂಗಳು. ಬೀಜವನ್ನು ಬಹಳ ದಿನ ಇಡುವಂತಿಲ್ಲ, ಮೊಳೆಯುವ ಶಕ್ತಿ ಹೋಗುತ್ತದೆ. ಮಡಿಯಲ್ಲಿ ಹಾಕಿದ ಬೀಜ ಒಂದೂವರೆ ತಿಂಗಳಿಗೆ ಟೋಪಿ ಹೊತ್ತು ಏಳುತ್ತದೆ, ಬುಟ್ಟಿಗೋ ಚೀಲಕ್ಕೋ ಹೋಗುತ್ತದೆ, ಮಳೆಗಾಲದಲ್ಲಿ ಗುಂಡಿ ಸೇರುತ್ತದೆ, ಮೂರು–ನಾಲ್ಕು ವರ್ಷಕ್ಕೆ ಮೊದಲ ಫಸಲು. ಅಂದರೆ ಒಂದು ತಲೆಮಾರಿಗೆ ಸುಮಾರು ಐದು ವರ್ಷ. ಮೂವತ್ತು ವರ್ಷ ದುಡಿದ ಕಾಫಿ ತಳಿ ವಿಜ್ಞಾನಿ ನೋಡುವುದು ಆರು ತಲೆಮಾರು ಗಿಡ. ಅವರ ಪ್ರಬಂಧಗಳ ಸಂಖ್ಯೆಯನ್ನು ಪ್ರಯೋಗಾಲಯದವರ ಸಂಖ್ಯೆಯ ಪಕ್ಕ ಇಟ್ಟು ತೂಗುವುದು ದಡ್ಡತನ.

ಎಸ್. 795 ಇಂಡೋನೇಷ್ಯಾಕ್ಕೂ ಹೋಯಿತು, ಅಲ್ಲಿ ಅದಕ್ಕೆ ‘ಜೆಂಬರ್’ ಎಂಬ ಹೆಸರೂ ಇದೆ. ಮೂಡಿಗೆರೆ, ಸಕಲೇಶಪುರದಲ್ಲಿ ಹೊಸ ತಳಿ ಹಾಕಿ ಕೈಸುಟ್ಟುಕೊಂಡವರು ಮತ್ತೆ ಇದಕ್ಕೇ ಬರುವುದುಂಟು. ಆದರೆ ತುಕ್ಕಿನ ಹೊಸ ಬಗೆಗಳು ಹುಟ್ಟಿ ಇದರ ತಡೆಯನ್ನೂ ದಾಟಿದವು, ಈಗ ಔಷಧಿಯಿಲ್ಲದೆ ನಡೆಯುವುದಿಲ್ಲ. ಬಿಳಿ ಕಾಂಡಕೊರಕಕ್ಕಂತೂ ಇದು ಮೊದಲಿಂದಲೂ ಸುಲಭದ ತುತ್ತು, ಆ ದುಂಬಿಯನ್ನು ತಡೆಯಲೆಂದು ಇದನ್ನು ಮಾಡಿದ್ದೂ ಅಲ್ಲ. ಇಷ್ಟನ್ನು ಹೇಳಿದರೆ ನರಸಿಂಹಸ್ವಾಮಿಯವರ ಹೆಸರು ಒಂದು ಕೂದಲೂ ಕೊಂಕುವುದಿಲ್ಲ. ಚೀಲ ಕಟ್ಟಿದ, ಚೀಟಿ ಬರೆದ, ಗಿಡಗಿಡದ ಹಣ್ಣು ಬೇರೆಬೇರೆ ತೂಗಿದ ಕೆಲಸದಾಳುಗಳ ಬಗ್ಗೆಯೂ ಒಂದು ಸಾಲು ಬರೆದರೆ ಇನ್ನೂ ಒಳ್ಳೆಯದು. ಅವರಿಲ್ಲದೆ ಆ ದಾಖಲೆಯೇ ಇರುತ್ತಿರಲಿಲ್ಲ.

ಬರೆಯಲು ಕೂತವರು ಎಡವುವ ಜಾಗಗಳು ಕೆಲವಿವೆ. ಹಳೆಯ ಮೈಸೂರು ಸರ್ಕಾರದ ವರದಿ ವರ್ಷ ಜುಲೈಯಿಂದ ಜೂನ್ ತನಕ. ‘1931–32ರ ವರದಿ’ಯಲ್ಲಿರುವ ಕೆಲಸ ಯಾವ ಮಳೆಗಾಲದ್ದು ಅಂತ ತಿಂಗಳು ನೋಡಿಯೇ ಬರೆಯಬೇಕು, ಇಲ್ಲದಿದ್ದರೆ ಒಂದು ವರ್ಷ ಆಚೀಚೆ ಆಗುತ್ತದೆ. ಅಳತೆ ಪೌಂಡು, ಗ್ಯಾಲನ್ನಿನಲ್ಲಿರುತ್ತದೆ. ‘5–5–50’ ಎಂದರೆ 5 ಪೌಂಡ್ ಮೈಲುತುತ್ತ, 5 ಪೌಂಡ್ ಸುಣ್ಣ, 50 ಗ್ಯಾಲನ್ ನೀರು. ಇಂಗ್ಲಿಷ್ ಗ್ಯಾಲನ್ ನೀರು 10 ಪೌಂಡ್ ತೂಗುತ್ತದೆ, ಹಾಗಾಗಿ ಅದು ನಮ್ಮ ಶೇಕಡಾ 1ರ ದ್ರಾವಣವೇ. ಅಮೆರಿಕದ ಗ್ಯಾಲನ್ ಚಿಕ್ಕದು, ಆ ಲೆಕ್ಕ ಹಿಡಿದರೆ ದ್ರಾವಣ ಗಟ್ಟಿಯಾದಂತೆ ಕಾಣುತ್ತದೆ. ರೋಗಾಣುಗಳ ಹೆಸರೂ ಬದಲಾಗುತ್ತವೆ. ಕೋಲ್ಮನ್ ಅಡಿಕೆ ಕೊಳೆಗೆ ಕೊಟ್ಟ ಹೆಸರನ್ನು ಕೆಲವೇ ವರ್ಷದಲ್ಲಿ ಫೈಟಾಫ್ತೊರಾ ಅರೆಕೆ ಎಂದು ಬದಲಿಸಿದರು, ಈಗಿನವರು ಬೇರೆಯೇ ಹೆಸರು ಬರೆಯುತ್ತಾರೆ. ಹಳೆಯದನ್ನು ತಿದ್ದಬೇಡಿ, ಅವರು ಬರೆದಂತೆ ಬರೆದು ಪಕ್ಕದಲ್ಲಿ ಈಗಿನದನ್ನು ಕೊಡಿ. ತಳಿಯ ಬಗ್ಗೆಯಾದರೆ ಅದನ್ನು ಬೆಳೆಸಿದವರೇ ಬರೆದದ್ದನ್ನು ಮೊದಲು ಹುಡುಕಿ. ಎಸ್. 795ರ ಮೂಲದ ಬಗ್ಗೆ ನರಸಿಂಹಸ್ವಾಮಿಯವರೇ 1960ರಲ್ಲಿ ‘ಇಂಡಿಯನ್ ಕಾಫಿ’ ಪತ್ರಿಕೆಯಲ್ಲಿ ಬರೆದಿದ್ದಾರೆ.

ಹಳೆಯ ತೋಟದ ಮನೆಗಳ ಅಟ್ಟದಲ್ಲಿ ಇಂಥ ಬುಲೆಟಿನ್ನು, ಮಳೆ ಲೆಕ್ಕದ ಪುಸ್ತಕ, ಔಷಧಿ ಹೊಡೆಸಿದ ಡೈರಿ ಇನ್ನೂ ಸಿಗುತ್ತವೆ. ಸಿಕ್ಕಿದರೆ ಮಳೆಗಾಲದಲ್ಲಿ ಬಿಚ್ಚಬೇಡಿ, ಬೂಷ್ಟು ಹಿಡಿದ ಹಾಳೆ ತೇವಕ್ಕೆ ಒಂದಕ್ಕೊಂದು ಅಂಟಿರುತ್ತದೆ, ಎಳೆದರೆ ಅಕ್ಷರವೇ ಕಿತ್ತು ಬರುತ್ತದೆ. ಜನವರಿ–ಫೆಬ್ರವರಿಯ ಒಣಹವೆಯಲ್ಲಿ ನೆರಳಿನಲ್ಲಿ ಹರಡಿ, ಒಣ ಬ್ರಷ್ಷಿನಲ್ಲಿ ಧೂಳು ತೆಗೆಯಿರಿ. ಬಿಸಿಲಿಗೆ ಇಡಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ, ಸೆಲ್ಲೋ ಟೇಪು ಹಚ್ಚಬೇಡಿ. ಫೋಟೋ ತೆಗೆಯುವಾಗ ಫ್ಲ್ಯಾಷ್ ಬೇಡ, ಕಿಟಕಿಯ ಬೆಳಕು ಸಾಕು. ರಕ್ಷಾಪುಟದಿಂದ ಹಿಡಿದು ಖಾಲಿ ಪುಟದ ತನಕ ಎಲ್ಲವನ್ನೂ ಪುಟಸಂಖ್ಯೆ ಕಾಣುವಂತೆ ತೆಗೆಯಿರಿ. ಅಂಚಿನಲ್ಲಿ ಪೆನ್ಸಿಲಿನಲ್ಲಿ ಯಾರೋ ಬರೆದ ಲೆಕ್ಕವಿದ್ದರೆ ಅದನ್ನು ಹತ್ತಿರದಿಂದ ಇನ್ನೊಂದು ಸಲ ತೆಗೆಯಿರಿ. ಎಷ್ಟು ಬ್ಯಾರಲ್ ಹೊಡೆಸಿದರು, ಎಷ್ಟು ಕಾಯಿ ಉಳಿಯಿತು ಅನ್ನುವುದು ಹೆಚ್ಚಾಗಿ ಸಿಗುವುದು ಅಲ್ಲೇ.