ನಕ್ಷತ್ರದ ಅವಧಿಯೋ, ನಮ್ಮ ಹಗಲಿನ ಅವಧಿಯೋ: ಪುಣೆಯಿಂದ ಬೆಳಕು ಅಳೆಯುವವರಿಗೆ

ಒಂದು ನಕ್ಷತ್ರದ ಬೆಳಕು 0.6 ದಿನಕ್ಕೊಮ್ಮೆ, ಅಂದರೆ 14.4 ತಾಸಿಗೊಮ್ಮೆ ಏರಿ ಇಳಿಯುತ್ತದೆ ಎಂದಿಟ್ಟುಕೊಳ್ಳಿ. ಪುಣೆಯಿಂದ ಒಂದು ತಿಂಗಳು ದಿನಾ ರಾತ್ರಿ ಒಂಬತ್ತರ ಸುಮಾರಿಗೆ ಅದನ್ನು ಅಳೆದು, ಅಂಕಿಗಳನ್ನು ಅವಧಿ ಹುಡುಕುವ ಪ್ರೋಗ್ರಾಮಿಗೆ ಕೊಡಿ. ಅದು 0.375 ದಿನ ಎನ್ನಬಹುದು, 1.5 ದಿನ ಎಂದೂ ಎನ್ನಬಹುದು. ಮೂರೂ ಅವಧಿಗೆ ಗ್ರಾಫ್ ಚೆಂದವಾಗಿಯೇ ಕೂರುತ್ತದೆ. ಧಾರವಾಡ, ಬೆಳಗಾವಿ, ಕಲಬುರಗಿ ಕಡೆಯಿಂದ ಪ್ರಾಜೆಕ್ಟಿಗೆಂದು ಇಲ್ಲಿಗೆ ಬರುವ ಎಂಎಸ್ಸಿ ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲೇ. ಹಾಗಾಗಿ ಕ್ಯಾಮೆರಾದಿಂದ ಹಿಡಿದು ಅವಧಿಯವರೆಗೆ ಅಂಕಿ ಎಲ್ಲೆಲ್ಲಿ ಕೆಡುತ್ತದೆ ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇವೆ.

ಪುಣೆ ಸುತ್ತ ಕೆಲಸಕ್ಕೆ ಬರುವ ಆಕಾಶ ಸಿಗುವುದು ದೀಪಾವಳಿ ಹೊತ್ತಿನಿಂದ ಮೇ ತಿಂಗಳವರೆಗೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಗುಮ್ಮಟ ಮುಚ್ಚಿಯೇ ಇರುತ್ತದೆ. ಪುಣೆಯ ಖಗೋಳ ಸಂಶೋಧನಾ ಸಂಸ್ಥೆ ಆಯುಕಾದ 2 ಮೀಟರ್ ದೂರದರ್ಶಕವಿರುವ ಗಿರಾವಲಿ ಬೆಟ್ಟಕ್ಕಾಗಲಿ, ಕಾಲೇಜಿನ ಮಾಳಿಗೆಯ ಸಣ್ಣ ದೂರದರ್ಶಕಕ್ಕಾಗಲಿ ಮಳೆಗಾಲ ಒಂದೇ. ಖೋಡದ್‌ನ ರೇಡಿಯೊ ದೂರದರ್ಶಕ ಜಿಎಂಆರ್‌ಟಿಯವರಿಗೆ ಈ ತೊಂದರೆ ಇಲ್ಲ. ಅವರ 45 ಮೀಟರ್ ವ್ಯಾಸದ 30 ಆ್ಯಂಟೆನಾಗಳು ಹಿಡಿಯುವ ಉದ್ದ ರೇಡಿಯೊ ಅಲೆಗಳು ಮೋಡ ದಾಟಿ ಬರುತ್ತವೆ, ಹಗಲಿನಲ್ಲೂ ನೋಡಬಹುದು. ಬೆಳಕು ಅಳೆಯುವ ನಮಗೆ ಮಾತ್ರ ದಿನಕ್ಕೊಂದು ಹಗಲು, ತಿಂಗಳಿಗೊಂದು ಹುಣ್ಣಿಮೆ, ವರ್ಷಕ್ಕೊಂದು ಮಳೆಗಾಲ, ಹೀಗೆ ಮೂರು ತೂತುಗಳು ಡೇಟಾದಲ್ಲಿ ತಪ್ಪದೆ ಬೀಳುತ್ತವೆ.

ಮೊದಲು ಕ್ಯಾಮೆರಾ. ಸಿಸಿಡಿಯನ್ನು, ಅಂದರೆ ಬೆಳಕನ್ನು ಎಲೆಕ್ಟ್ರಾನುಗಳಾಗಿ ಹಿಡಿಯುವ ಚಿಪ್ಪನ್ನು, ಎಷ್ಟು ತಂಪು ಮಾಡಬೇಕು ಎಂಬುದನ್ನು ಡಿಸೆಂಬರಿನ ಚಳಿ ನೋಡಿ ತೀರ್ಮಾನಿಸಬೇಡಿ. ಆಗ ಮೈನಸ್ 25 ಡಿಗ್ರಿ ಸೆಲ್ಸಿಯಸ್ ಸುಲಭವಾಗಿ ಸಿಗುತ್ತದೆ. ಏಪ್ರಿಲಿನ ಸೆಕೆಯಲ್ಲಿ ಅದೇ ಕೂಲರ್ ನೂರಕ್ಕೆ ನೂರು ಓಡಿದರೂ ಅಲ್ಲಿಗೆ ಮುಟ್ಟುವುದಿಲ್ಲ, ಉಷ್ಣತೆ ರಾತ್ರಿಯಿಡೀ ತೇಲಾಡುತ್ತದೆ. ಆರೇಳು ಡಿಗ್ರಿ ಏರಿದರೆ ಡಾರ್ಕ್ ಕರೆಂಟ್ (ಬೆಳಕಿಲ್ಲದೆಯೂ ಶಾಖದಿಂದ ಹುಟ್ಟುವ ಎಲೆಕ್ಟ್ರಾನುಗಳು) ಸುಮಾರು ಎರಡು ಪಟ್ಟು ಆಗುವುದರಿಂದ, ಅದನ್ನು ಕಳೆಯಲು ಶಟರ್ ಮುಚ್ಚಿ ತೆಗೆದ ಹಳೆಯ ಡಾರ್ಕ್ ಫ್ರೇಮ್ ಹೊಂದುವುದಿಲ್ಲ. ಕೂಲರ್ ಶೇಕಡಾ 80ರ ಒಳಗೇ ಓಡುವಂಥ ಉಷ್ಣತೆ ಆರಿಸಿ, ಇಡೀ ಸೀಸನ್ ಅದನ್ನೇ ಇಟ್ಟುಕೊಳ್ಳುವುದು ಒಳ್ಳೆಯದು. ಬಯಾಸ್ (ಎಕ್ಸ್‌ಪೋಷರ್ ಇಲ್ಲದೆ ತೆಗೆದ ಫ್ರೇಮ್) ಮತ್ತು ಡಾರ್ಕ್ ಇಪ್ಪತ್ತಿಪ್ಪತ್ತು ತೆಗೆದು ಮಧ್ಯಾಂಕ ಹಿಡಿದರೆ ಸಾಕು.

ಫ್ಲಾಟ್ ಫ್ರೇಮಿಗೆ, ಅಂದರೆ ಪಿಕ್ಸೆಲ್‌ಗಳ ಏರುಪೇರು ಸರಿಪಡಿಸಲು ತೆಗೆಯುವ ಸಂಜೆ ಆಕಾಶದ ಚಿತ್ರಕ್ಕೆ, ಮಾತ್ರ ಅವಸರ ಪಡಬಾರದು. ನಮ್ಮ ಅಕ್ಷಾಂಶದಲ್ಲಿ ಸಂಜೆ ಬೇಗ ಕತ್ತಲಾಗುತ್ತದೆ, ಫ್ಲಾಟ್ ತೆಗೆಯಲು ಸಿಗುವುದು ಇಪ್ಪತ್ತು ನಿಮಿಷವಷ್ಟೇ. ದೂರದರ್ಶಕವನ್ನು ನಡುನೆತ್ತಿಯಿಂದ ಸ್ವಲ್ಪ ಪೂರ್ವಕ್ಕೆ ವಾಲಿಸಿ, ಡ್ರೈವ್ ನಿಲ್ಲಿಸಿ, ಪ್ರತಿ ಫ್ರೇಮಿಗೂ ಜಾಗ ಕೊಂಚ ಸರಿಯುವಂತೆ ಮಾಡಿ. ಆಗ ಚಿತ್ರದಲ್ಲಿ ಬಿದ್ದ ನಕ್ಷತ್ರಗಳು ಮಧ್ಯಾಂಕ ಹಿಡಿದಾಗ ಮಾಯವಾಗುತ್ತವೆ. ಎಕ್ಸ್‌ಪೋಷರ್ ಮೂರು ಸೆಕೆಂಡಿಗಿಂತ ಕಡಿಮೆ ಇದ್ದರೆ ಶಟರ್ ತೆರೆದು ಮುಚ್ಚುವ ನೆರಳೇ ಫ್ಲಾಟಿನಲ್ಲಿ ಅಚ್ಚಾಗುತ್ತದೆ. ಪ್ರತಿ ಪಿಕ್ಸೆಲ್‌ಗೆ 25,000 ಎಲೆಕ್ಟ್ರಾನ್ ಇರುವ 15 ಫ್ರೇಮ್ ಕೂಡಿಸಿದರೆ 3,75,000 ಆಯಿತು. ಅದರ ವರ್ಗಮೂಲ ಸುಮಾರು 612, ಅಂದರೆ ಫ್ಲಾಟಿನದೇ ತಪ್ಪು ಶೇಕಡಾ 0.16. ಫೆಬ್ರವರಿ ದಾಟಿದ ಮೇಲೆ ಈ ಭಾಗದಲ್ಲಿ ಧೂಳು ಹೆಚ್ಚು. ಫಿಲ್ಟರಿನ ಮೇಲೆ ಕೂತ ಒಂದು ಕಣ ಚಿತ್ರದಲ್ಲಿ ಉದ್ದಿನವಡೆಯಂತೆ ನಡುವೆ ತೂತಿರುವ ನೆರಳಾಗಿ ಕಾಣುತ್ತದೆ. ನಿನ್ನೆ ಇಲ್ಲದ ವಡೆ ಇವತ್ತು ಇದ್ದರೆ ನಿನ್ನೆಯ ಫ್ಲಾಟ್ ಇವತ್ತಿಗೆ ನಡೆಯುವುದಿಲ್ಲ.

ಈಗ ಎರರ್ ಬಾರ್, ಅಂದರೆ ಪ್ರತಿ ಅಂಕಿಯ ಜೊತೆ ಬರೆಯುವ ತಪ್ಪಿನ ಅಂದಾಜು. ತುಂಬ ಜನ ಮಾಡುವ ತಪ್ಪೊಂದಿದೆ: ಕ್ಯಾಮೆರಾ ಕೊಟ್ಟ ಎಣಿಕೆಯ ವರ್ಗಮೂಲವನ್ನೇ ತಪ್ಪು ಎಂದು ಬರೆಯುವುದು. ವರ್ಗಮೂಲದ ನಿಯಮ ಎಲೆಕ್ಟ್ರಾನುಗಳಿಗೆ ಸಲ್ಲುತ್ತದೆ, ಫೈಲಿನ ಎಣಿಕೆಗಲ್ಲ. ಗೇನ್ 2, ಅಂದರೆ ಒಂದು ಎಣಿಕೆಗೆ ಎರಡು ಎಲೆಕ್ಟ್ರಾನ್ ಆದರೆ, 10,000 ಎಣಿಕೆಯೆಂಬುದು 20,000 ಎಲೆಕ್ಟ್ರಾನ್. ಅದರ ವರ್ಗಮೂಲ 141 ಎಲೆಕ್ಟ್ರಾನ್, ಮತ್ತೆ ಎಣಿಕೆಗೆ ತಂದರೆ ಸುಮಾರು 71. ನೇರವಾಗಿ ತೆಗೆದವರು 100 ಎಂದು ಬರೆದಿರುತ್ತಾರೆ.

ಪೂರ್ತಿ ಲೆಕ್ಕ ಒಮ್ಮೆ ಕೈಯಾರೆ ಮಾಡಿ ನೋಡಿ. ನಕ್ಷತ್ರದಿಂದ 40,000 ಎಲೆಕ್ಟ್ರಾನ್ ಬಂದಿವೆ. ಅಳೆಯುವ ವೃತ್ತದ ತ್ರಿಜ್ಯ 6 ಪಿಕ್ಸೆಲ್, ಒಳಗೆ ಸುಮಾರು 113 ಪಿಕ್ಸೆಲ್. ರೀಡ್ ನಾಯ್ಸ್ (ಚಿಪ್ಪನ್ನು ಓದುವಾಗ ಸೇರುವ ತಪ್ಪು) ಪಿಕ್ಸೆಲ್‌ಗೆ 8 ಎಲೆಕ್ಟ್ರಾನ್, ಅದರ ವರ್ಗ 64, ಗುಣಿಸಿದರೆ 7,232. ಕತ್ತಲ ರಾತ್ರಿ ಆಕಾಶದ್ದು ಪಿಕ್ಸೆಲ್‌ಗೆ 50 ಎಲೆಕ್ಟ್ರಾನ್ ಎಂದರೆ 5,650. ಮೂರನ್ನೂ ಕೂಡಿಸಿ ವರ್ಗಮೂಲ ತೆಗೆದರೆ 230. ಸಿಗ್ನಲ್ಲಿಗೂ ನಾಯ್ಸಿಗೂ ಅನುಪಾತ 174. ನಕ್ಷತ್ರದ ಹೊಳಪಿನ ಮಾನವಾದ ಮ್ಯಾಗ್ನಿಟ್ಯೂಡಿಗೆ (ಅಂಕಿ ಹೆಚ್ಚಿದಷ್ಟೂ ಮಂಕು) ತರಲು 1.0857ನ್ನು ಅದರಿಂದ ಭಾಗಿಸಿದರೆ ತಪ್ಪು 0.006 ಮ್ಯಾಗ್ನಿಟ್ಯೂಡ್. ಅದೇ ನಕ್ಷತ್ರ, ಹುಣ್ಣಿಮೆಯ ಹತ್ತಿರ, ಆಕಾಶ 800 ಎಲೆಕ್ಟ್ರಾನ್: ತಪ್ಪು 0.010. ಎರಡೂ ರಾತ್ರಿಗೆ ಒಂದೇ ಎರರ್ ಬಾರ್ ಹಾಕಿ ತೂಕ ಕೊಟ್ಟರೆ ಹುಣ್ಣಿಮೆಯ ಕೆಟ್ಟ ಅಂಕಿಗಳು ಒಳ್ಳೆಯ ಅಂಕಿಗಳ ಸಮಕ್ಕೆ ಕೂತು, 29.5 ದಿನದ ಏರಿಳಿತವೊಂದು ತಾನಾಗಿ ತಲೆಯೆತ್ತಬಹುದು. ದಕ್ಷಿಣಕ್ಕೆ ಚಾಕಣ, ಪಿಂಪ್ರಿ, ಪುಣೆ ದೀಪಗಳಿರುವ ಜುನ್ನರ ಕಡೆಯ ಬೆಟ್ಟಗಳಲ್ಲಿ ನಕ್ಷತ್ರ ಆ ದಿಕ್ಕಿಗೆ ಇಳಿದಾಗಲೂ ಇದೇ ಕತೆ.

ನಮ್ಮ ನಕ್ಷತ್ರದ ಬೆಳಕನ್ನು ಪಕ್ಕದಲ್ಲಿಟ್ಟು ಅಳೆಯಲು ಬೇಕಾದ, ಬೆಳಕು ಬದಲಾಗದ ಹೋಲಿಕೆ ನಕ್ಷತ್ರವನ್ನು ಬಣ್ಣ ನೋಡಿ ಆರಿಸಿ. ನೆತ್ತಿಯ ಮೇಲೆ ಬೆಳಕು ದಾಟುವ ಗಾಳಿಯನ್ನು 1 ಎಂದು ಹಿಡಿದರೆ 30 ಡಿಗ್ರಿ ಎತ್ತರದಲ್ಲಿ ಅದು 2 ಆಗುತ್ತದೆ. ಗಾಳಿ ನೀಲಿಯನ್ನು ಕೆಂಪಿಗಿಂತ ಹೆಚ್ಚು ನುಂಗುತ್ತದೆ. ನಮ್ಮ ನಕ್ಷತ್ರ ನೀಲಿ, ಹೋಲಿಕೆಯದು ಕೆಂಪು ಆದರೆ, ಇಳಿಯುತ್ತಾ ಹೋದಂತೆ ನಮ್ಮದು ಮಂಕಾದಂತೆ ತೋರುತ್ತದೆ. ಪ್ರತಿ ರಾತ್ರಿಯೂ ಅದೇ ಆಕಾರ ಬರುವುದರಿಂದ ಪ್ರೋಗ್ರಾಮಿಗೆ ಅದು ಒಂದು ದಿನದ ಅವಧಿ. ಬಿ ಮೈನಸ್ ವಿ ಬಣ್ಣದಲ್ಲಿ (ನೀಲಿ ಮತ್ತು ಹಸಿರು-ಹಳದಿ ಫಿಲ್ಟರಿನ ಮ್ಯಾಗ್ನಿಟ್ಯೂಡುಗಳನ್ನು ಕಳೆದು ಬರುವ ಅಂಕಿ) ವ್ಯತ್ಯಾಸ 0.3ರ ಒಳಗಿರಲಿ. ಎರಡನೆಯದೊಂದು ಪರೀಕ್ಷಾ ನಕ್ಷತ್ರವನ್ನೂ ಇಟ್ಟುಕೊಳ್ಳಿ, ಹೋಲಿಕೆ ನಕ್ಷತ್ರವೇ ಮಿಡಿಯುವಂಥದ್ದಾದರೆ ಅದು ಸುಳಿವು ಕೊಡುತ್ತದೆ.

ಸಮಯದ ವಿಷಯದಲ್ಲಿ ನಮಗೊಂದು ಅನುಕೂಲವಿದೆ. ಖಗೋಳದವರು ದಿನಗಳನ್ನು ಸಾಲಾಗಿ ಎಣಿಸುವ ಜೂಲಿಯನ್ ದಿನದ ಅಂಕಿ ಬದಲಾಗುವುದು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಮಧ್ಯಾಹ್ನ 12ಕ್ಕೆ, ಇಲ್ಲಿಗೆ ಸಂಜೆ ಐದೂವರೆ. ಹಾಗಾಗಿ ಇಡೀ ರಾತ್ರಿ ಒಂದೇ ಜೂಲಿಯನ್ ದಿನದೊಳಗೆ ಬೀಳುತ್ತದೆ. ತಾರೀಕು ಹಾಕಿ ಬರೆಯುವವರು ನಡುರಾತ್ರಿಯಲ್ಲೂ, ಬೆಳಗಿನ ಐದೂವರೆಗೆ ಯುಟಿಸಿ ತಾರೀಕು ತಿರುಗುವಾಗಲೂ ಗೊಂದಲಕ್ಕೆ ಬೀಳುತ್ತಾರೆ. ಫೈಲಿನಲ್ಲಿರುವ ಸಮಯ ಎಕ್ಸ್‌ಪೋಷರಿನ ಆರಂಭದ್ದೋ ನಡುವಿನದ್ದೋ ಮೊದಲು ನೋಡಿಕೊಳ್ಳಿ. 120 ಸೆಕೆಂಡಿನ ಫ್ರೇಮಿನಲ್ಲಿ ವ್ಯತ್ಯಾಸ ಒಂದು ನಿಮಿಷ. ಇನ್ನೊಂದು, ಭೂಮಿ ಸೂರ್ಯನ ಸುತ್ತ ಹೋಗುವಾಗ ನಕ್ಷತ್ರದ ಬೆಳಕು ನಮಗೆ 8.3 ನಿಮಿಷದಷ್ಟು ಮುಂಚೆಯೋ ತಡವೋ ಬರಬಹುದು. ಅದನ್ನು ಸರಿಪಡಿಸದೆ ಬಿಟ್ಟರೆ ನವೆಂಬರ್ ಮತ್ತು ಏಪ್ರಿಲ್ ಅಂಕಿಗಳು ಒಂದರ ಮೇಲೊಂದು ಕೂರುವುದಿಲ್ಲ, ಅವಧಿ ಬದಲಾಗುತ್ತಿದೆ ಎಂಬ ಭ್ರಮೆ ಹುಟ್ಟುತ್ತದೆ.

ಕೆಟ್ಟ ಅಂಕಿ ತೆಗೆಯುವಾಗ ಕೈ ಬಿಗಿಹಿಡಿಯಿರಿ. ಜೋಡಿ ನಕ್ಷತ್ರವಾದ ಆಲ್ಗಾಲ್, ಒಂದು ಇನ್ನೊಂದನ್ನು ಮರೆಮಾಡುವಾಗ, 2.867 ದಿನಕ್ಕೊಮ್ಮೆ 2.1ರಿಂದ 3.4 ಮ್ಯಾಗ್ನಿಟ್ಯೂಡಿಗೆ ಮಂಕಾಗುತ್ತದೆ, ಗ್ರಹಣ ಹತ್ತು ತಾಸಿನಷ್ಟು. ಉಳಿದ ಹೊತ್ತಿನ ಚದುರುವಿಕೆ 0.01 ಇದ್ದರೆ, ಮಧ್ಯಾಂಕದಿಂದ ಮೂರು ಸಿಗ್ಮಾ (ಚದುರುವಿಕೆಯ ಮೂರು ಪಟ್ಟು) ಆಚೆಗಿನದನ್ನೆಲ್ಲ ಕತ್ತರಿಸುವ ಪ್ರೋಗ್ರಾಮು ಗ್ರಹಣವನ್ನೇ ಕತ್ತರಿಸಿ ಎಸೆಯುತ್ತದೆ. ಫ್ರೇಮ್ ತೆಗೆದುಹಾಕಬೇಕೆಂದರೆ ಕಾರಣ ಬೇರೆ ಕಡೆಯಿಂದ ಬರಬೇಕು: ಹೋಲಿಕೆ ನಕ್ಷತ್ರದ ಬೆಳಕು ಅರ್ಧಕ್ಕೆ ಇಳಿದಿದೆ ಅಂದರೆ ಮೋಡ, ನಕ್ಷತ್ರ ಉದ್ದಕ್ಕೆ ಎಳೆದಂತಿದೆ ಅಂದರೆ ಗೈಡಿಂಗ್ (ದೂರದರ್ಶಕ ನಕ್ಷತ್ರವನ್ನು ಹಿಂಬಾಲಿಸುವುದು) ತಪ್ಪಿದೆ. ನಮ್ಮ ನಕ್ಷತ್ರದ ಅಂಕಿ ನೋಡಿ ಫ್ರೇಮ್ ತೆಗೆಯಲೇಬಾರದು. ರಾತ್ರಿಯ ಲಾಗ್ ಪುಸ್ತಕದಲ್ಲಿ '11:40, ಪಶ್ಚಿಮದಲ್ಲಿ ತೆಳು ಮೋಡ' ಎಂದು ಬರೆದ ಸಾಲಿಗೆ ಈಗ ಬೆಲೆ ಬರುತ್ತದೆ.

ಸರಾಸರಿಯನ್ನೂ ಕಣ್ಣುಮುಚ್ಚಿ ನಂಬಬೇಡಿ. ಒಂದೊಂದು ಅಂಕಿಯ ಚದುರುವಿಕೆ 4 ಮಿಲಿಮ್ಯಾಗ್ನಿಟ್ಯೂಡ್ ಇದ್ದರೆ 16 ಅಂಕಿಗಳ ಸರಾಸರಿಯದು 1ಕ್ಕೆ ಇಳಿಯಬೇಕು. ಪರೀಕ್ಷಾ ನಕ್ಷತ್ರದ ಮೇಲೆ ಮಾಡಿ ನೋಡಿ. ಅದು 2.5ಕ್ಕೇ ನಿಂತರೆ ಅಕ್ಕಪಕ್ಕದ ಅಂಕಿಗಳು ಒಂದರ ತಪ್ಪನ್ನೊಂದು ಹಂಚಿಕೊಂಡಿವೆ ಎಂದರ್ಥ: ಫ್ಲಾಟಿನ ಮೇಲೆ ನಕ್ಷತ್ರ ತೆವಳುತ್ತಿರಬಹುದು, ಇಬ್ಬನಿ ಕೂರುತ್ತಿರಬಹುದು. ಅವಧಿ ಹುಡುಕುವ ಪ್ರೋಗ್ರಾಮು ಕೊಡುವ 'ಸುಳ್ಳಾಗುವ ಸಂಭವ' (ಸಿಕ್ಕ ಅವಧಿ ಬರೀ ಆಕಸ್ಮಿಕವಾಗಿರುವ ಸಾಧ್ಯತೆ) ಎಂಬ ಅಂಕಿ ಪ್ರತಿ ಅಳತೆಯ ತಪ್ಪೂ ಸ್ವತಂತ್ರ ಎಂದು ಊಹಿಸಿಯೇ ಲೆಕ್ಕ ಹಾಕಿರುತ್ತದೆ. ಇಂಥ ರಾತ್ರಿಗಳಿಗೆ ಆ ಅಂಕಿ ವಿಪರೀತ ಆಶಾವಾದಿ.

ಈಗ 0.6 ದಿನಕ್ಕೆ ಮರಳೋಣ. ಜಾತ್ರೆಯ ತೊಟ್ಟಿಲನ್ನು ಕಣ್ಣು ಮುಚ್ಚಿ, ನಿಮಿಷಕ್ಕೊಮ್ಮೆ ಮಾತ್ರ ತೆರೆದು ನೋಡಿದರೆ ಕೆಂಪು ಪೆಟ್ಟಿಗೆ ಎಲ್ಲಿದೆ ಎಂಬುದು ತಿಳಿಯುತ್ತದೆ, ನಡುವೆ ಎಷ್ಟು ಸುತ್ತು ಹೊಡೆಯಿತೆಂಬುದು ತಿಳಿಯುವುದಿಲ್ಲ. 0.6 ದಿನದ ನಕ್ಷತ್ರ ದಿನಕ್ಕೆ 1.667 ಸುತ್ತು, 1.5 ದಿನದ್ದು 0.667, 0.375 ದಿನದ್ದು 2.667. ಪೂರ್ಣ ಸುತ್ತುಗಳನ್ನು ಬಿಟ್ಟರೆ ಮೂರರಲ್ಲೂ ಉಳಿಯುವುದು 0.667. ದಿನಾ ಒಂದೇ ಹೊತ್ತಿಗೆ ನೋಡುವವರಿಗೆ ಮೂರೂ ಒಂದೇ. ಮಳೆಗಾಲದ ತೂತೂ ಹೀಗೆಯೇ ಕೆಲಸ ಮಾಡುತ್ತದೆ, ಆದರೆ ಸಣ್ಣ ಹೆಜ್ಜೆಯಲ್ಲಿ: ಎರಡು ಸೀಸನ್ ಸೇರಿಸಿದಾಗ ಅವಧಿ ಹುಡುಕುವ ಗ್ರಾಫಿನಲ್ಲಿ ನಿಜವಾದ 0.60000 ದಿನದ ಅಕ್ಕಪಕ್ಕ 0.59902 ಮತ್ತು 0.60099ರಲ್ಲಿ ತಮ್ಮಂದಿರಂತೆ ಎರಡು ಶಿಖರಗಳು ನಿಲ್ಲುತ್ತವೆ.

ಇದನ್ನು ಕಾಣಲು ಒಂದು ಸರಳ ದಾರಿ ಇದೆ. ನಿಮ್ಮ ಅಳತೆಗಳ ಸಮಯವನ್ನು ಹಾಗೇ ಇಟ್ಟು, ಬೆಳಕಿನ ಅಂಕಿಗಳ ಜಾಗದಲ್ಲಿ ಎಲ್ಲಕ್ಕೂ 1 ಹಾಕಿ, ಸರಾಸರಿ ಕಳೆಯದೆ ಆವರ್ತನದ ಗ್ರಾಫ್ ತೆಗೆಯಿರಿ. ಅಲ್ಲಿ ಏಳುವ ಶಿಖರಗಳಲ್ಲಿ ನಕ್ಷತ್ರದ್ದು ಏನೂ ಇಲ್ಲ, ಎಲ್ಲವೂ ನಿಮ್ಮ ಹಗಲು, ಹುಣ್ಣಿಮೆ, ಮಳೆಗಾಲದವು. ನಿಜವಾದ ಗ್ರಾಫಿನ ಅತಿ ಎತ್ತರದ ಶಿಖರದ ಎರಡೂ ಬದಿಗೆ ಇದೇ ಆಕಾರ ಕಂಡರೆ ಅವು ನೆರಳುಗಳು. 1976ರಲ್ಲಿ ಲಾಂಬ್, 1982ರಲ್ಲಿ ಸ್ಕಾರ್ಗಲ್ ರೂಪಿಸಿದ ವಿಧಾನ ಸಮಾನ ಅಂತರದಲ್ಲಿಲ್ಲದ ಅಳತೆಗಳನ್ನು ಚೆನ್ನಾಗಿ ನಿಭಾಯಿಸುತ್ತದೆ, ನೋಡದೇ ಬಿಟ್ಟ ಹೊತ್ತನ್ನು ತುಂಬಿಕೊಡುವ ಶಕ್ತಿ ಮಾತ್ರ ಅದಕ್ಕಿಲ್ಲ.

ತುಂಬುವುದು ಗುಮ್ಮಟದಲ್ಲೇ. ಉತ್ತರ ಕ್ರಾಂತಿ (ಆಕಾಶದ ಸಮಭಾಜಕದಿಂದ ಉತ್ತರಕ್ಕಿರುವ ಕೋನ) 20 ಡಿಗ್ರಿಯ ನಕ್ಷತ್ರ ಪುಣೆಯಲ್ಲಿ 30 ಡಿಗ್ರಿ ಎತ್ತರಕ್ಕಿಂತ ಮೇಲೆ ಎಂಟೂವರೆ ತಾಸು ಇರುತ್ತದೆ. ಅದು ನಡುರಾತ್ರಿ ನೆತ್ತಿ ದಾಟುವ ತಿಂಗಳು ಆರಿಸಿ, ಸಂಜೆಯ ಏರಿಕೆಯಿಂದ ಬೆಳಗಿನ ಇಳಿತದವರೆಗೆ ಬಿಡದೆ ಅಳೆಯಿರಿ. 0.375 ದಿನವೆಂದರೆ 9 ತಾಸು, ಬೆಳಕು ಇಳಿದು ಮರಳಿ ಏರಿ ಸುತ್ತು ಬಹುತೇಕ ಮುಗಿದಿರಬೇಕು. 14.4 ತಾಸಾದರೆ ಸುತ್ತಿನ ಶೇಕಡಾ 59 ಮಾತ್ರ ಕಾಣಬೇಕು. 36 ತಾಸಾದರೆ ಕಾಲು ಸುತ್ತಿಗಿಂತ ಕಡಿಮೆ, ರಾತ್ರಿಯಿಡೀ ಒಂದೇ ಮೆಲ್ಲನೆಯ ಏರೋ ಇಳಿತವೋ, ಹೆಚ್ಚೆಂದರೆ ಒಂದು ತಿರುವು. ಹೊರಡುವ ಮುಂಚೆ ಮೂರೂ ಅವಧಿಗೆ ಆ ರಾತ್ರಿಯ ಬೆಳಕಿನ ಗೆರೆ ಕಾಗದದ ಮೇಲೆ ಬಿಡಿಸಿಕೊಳ್ಳಿ, ಗೆರೆಗಳು ಅತಿ ದೂರ ಸರಿಯುವ ತಾಸುಗಳಿಗೆ ಗುರುತು ಹಾಕಿ. ಆ ತಾಸುಗಳಲ್ಲಿ ಫಿಲ್ಟರ್ ಬದಲಿಸುವುದು, ಇನ್ನೊಂದು ನಕ್ಷತ್ರಕ್ಕೆ ಹೋಗಿಬರುವುದು ಬೇಡ.