ಜ್ಞಾನಸ್ನಾನವಾದ ಮೇಲೂ ಉಳಿಯುವ ಸೆಳೆತ

ಜ್ಞಾನಸ್ನಾನ (ಬ್ಯಾಪ್ಟಿಸಂ, ನೀರಿನಿಂದ ಕೊಡುವ ಕ್ರೈಸ್ತ ದೀಕ್ಷೆ) ಪಡೆದವರೂ ಕೊಲೆಗೆ ಇಳಿಯುವುದೇಕೆ? 1546ರಲ್ಲಿ ಕಥೋಲಿಕ ಧರ್ಮಸಭೆಯ ಟ್ರೆಂಟ್ ಮಹಾಸಭೆ ಹೇಳಿತು: ಜನ್ಮಪಾಪ (ಆದಾಮನಿಂದ ಎಲ್ಲರಿಗೂ ಹುಟ್ಟಿನಿಂದಲೇ ಬರುವ ಪಾಪ) ಜ್ಞಾನಸ್ನಾನದಿಂದ ಅಳಿದರೂ ಪಾಪದತ್ತ ಎಳೆಯುವ ಸೆಳೆತ ಉಳಿಯುತ್ತದೆ, ಅದಕ್ಕೆ ಮಣಿಯದಿದ್ದರೆ ಅಪಾಯವಿಲ್ಲ. ಬಹಳ ಪ್ರಾಮಾಣಿಕ ಉತ್ತರವಿದು. ತಮ್ಮನನ್ನು ಕೊಲ್ಲುವ ಮುನ್ನವೇ ಆದಾಮನ ಮಗ ಕಾಯಿನನಿಗೂ ದೇವರಿಂದ ಈ ಸೆಳೆತಕ್ಕೆ ಮಣಿಯಬೇಡವೆಂಬ ಎಚ್ಚರಿಕೆ ಸಿಕ್ಕಿತ್ತು (ಆದಿಕಾಂಡ 4:7).

ಇನ್ನು ಈ ಜ್ಞಾನಸ್ನಾನವನ್ನು ತುರ್ತಿನಲ್ಲಿ ಕೊಡುವ ಬಗೆ. ಮಗುವಿನ ಜೀವಕ್ಕೆ ಅಪಾಯವಿದ್ದು ಗುರುಗಳು (ಪಾದ್ರಿ) ಸಿಗದಿದ್ದರೆ, ಕಥೋಲಿಕ ನಿಯಮದಂತೆ ಯಾರು ಬೇಕಾದರೂ, ಕ್ರೈಸ್ತರಲ್ಲದ ನರ್ಸ್ ಕೂಡ, ಜ್ಞಾನಸ್ನಾನ ಕೊಡಬಹುದು. ಧರ್ಮಸಭೆ ಜ್ಞಾನಸ್ನಾನದಲ್ಲಿ ಮಾಡುವುದನ್ನೇ ಮಾಡುವ ಉದ್ದೇಶ ಮನಸ್ಸಿನಲ್ಲಿರಬೇಕು. ತಲೆಯ ಮೇಲೆ ಮೂರು ಸಲ ನೀರು ಸುರಿಯುತ್ತಲೇ, “ಪಿತನ, ಸುತನ, ಪವಿತ್ರಾತ್ಮನ ನಾಮದಲ್ಲಿ ನಾನು ನಿನಗೆ ಜ್ಞಾನಸ್ನಾನ ಕೊಡುತ್ತೇನೆ” ಎನ್ನಬೇಕು. ನೀರು ಕೂದಲಲ್ಲೇ ನಿಲ್ಲದೆ ಚರ್ಮದ ಮೇಲೆ ಹರಿಯಲಿ. “ನಾವು ಕೊಡುತ್ತೇವೆ” ಎಂದರೆ ಅಸಿಂಧು ಎಂದು ವ್ಯಾಟಿಕನ್ 2020ರಲ್ಲಿ ಸ್ಪಷ್ಟಪಡಿಸಿದೆ. ಮಗು ಬದುಕಿದರೆ ಮತ್ತೆ ಜ್ಞಾನಸ್ನಾನವಿಲ್ಲ, ಉಳಿದ ವಿಧಿಗಳನ್ನಷ್ಟೇ ಚರ್ಚಿನಲ್ಲಿ ಪೂರೈಸುತ್ತಾರೆ.