ಹತ್ತು ಮೀಟರ್ ಹಗ್ಗ, ಒಂದು ಕಾಫಿ ತೋಟ

ಹಾಸನದಿಂದ ಬೆಳಿಗ್ಗೆ ಹೊರಟ ಬಸ್ಸು ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಕೆಮ್ಮಣ್ಣುಗುಂಡಿ ಮೂರನ್ನೂ ಮುಗಿಸಿ ರಾತ್ರಿ ವಾಪಸಾದರೆ ಅದು ಪ್ರವಾಸ, ಕ್ಷೇತ್ರಕಾರ್ಯವಲ್ಲ. ಜೀವಶಾಸ್ತ್ರದ ಎಂ.ಎಸ್ಸಿ. ಮಕ್ಕಳಿಗೆ ಒಂದು ದಿನ ಸಿಕ್ಕಿದ್ದರೆ ಒಂದೇ ಕಾಫಿ ತೋಟ ಸಾಕು. ಅಭಯಾರಣ್ಯದೊಳಗೆ ಹೋಗಲು, ಮಾದರಿ ತರಲು ಅರಣ್ಯ ಇಲಾಖೆಯ ಅನುಮತಿ ಮೊದಲೇ ಬೇಕು. ತೋಟಕ್ಕೆ ಮಾಲೀಕರ ಒಪ್ಪಿಗೆ ಸಾಕು. ಅರೇಬಿಕಾ ಕೊಯ್ಲು ನಡೆಯುವ ನವೆಂಬರ್‌ನಿಂದ ಜನವರಿವರೆಗೆ ಮಾತ್ರ ಕೇಳಬೇಡಿ, ಯಾರಿಗೂ ಪುರುಸೊತ್ತಿರುವುದಿಲ್ಲ.

30 ಜನರಿದ್ದರೆ ಐವರಂತೆ ಆರು ಗುಂಪು. ಗಿಡಮರ, ನೆರಳು, ತರಗೆಲೆ ಅಳೆಯಲು ಪ್ರತಿ ಗುಂಪಿಗೂ 10 ಮೀ. × 10 ಮೀ. ಚೌಕ. ಮೂಲೆ ನೇರವಾಗಲು ಹಗ್ಗದಲ್ಲಿ 3, 4, 5 ಮೀಟರಿನ ತ್ರಿಕೋನ ಮಾಡಿಕೊಳ್ಳಿ. ಸಮತಟ್ಟಿನಲ್ಲಾದರೆ ಕರ್ಣ 14.14 ಮೀ. ಬರಬೇಕು. ಆದರೆ ಮಲೆನಾಡಿನಲ್ಲಿ ಸಮತಟ್ಟು ಎಲ್ಲಿದೆ? ಹೆಚ್ಚಿನವರು ಎಡವುವುದೂ ಇಲ್ಲೇ. 30 ಡಿಗ್ರಿ ಇಳಿಜಾರಿನಲ್ಲಿ ನೆಲಕ್ಕೆ ತಾಗಿಸಿ 10 ಮೀ. ಅಳೆದರೆ ಅಡ್ಡಳತೆಯಲ್ಲಿ ಸಿಗುವುದು 8.66 ಮೀ. ಮಾತ್ರ, ಅಂದರೆ ಚೌಕದ ನೂರು ಚದರ ಮೀಟರಿನಲ್ಲಿ 13ಕ್ಕೂ ಹೆಚ್ಚು ಮಾಯ. ಇಳಿಜಾರಿನುದ್ದಕ್ಕೆ 11.55 ಮೀ. ಬಿಡಬೇಕು. ಕೋನ ನೋಡಲು ಪ್ರೊಟ್ರಾಕ್ಟರ್‌ಗೆ ದಾರ ಕಟ್ಟಿ ಕಲ್ಲು ತೂಗುಬಿಟ್ಟರೆ ಆಯಿತು.

ಚೌಕ ಸರಿಯಿದೆಯೇ ಎಂದು ಕಾಫಿ ಗಿಡವೇ ಹೇಳುತ್ತದೆ. 6 ಅಡಿಗೊಂದರಂತೆ ನೆಟ್ಟ ಎತ್ತರದ ಅರೇಬಿಕಾ ಆದರೆ ಚೌಕಕ್ಕೆ 30ರ ಆಸುಪಾಸು. 5 ಅಡಿಗೆ ನೆಟ್ಟ ಕುಳ್ಳ ತಳಿಯಾದರೆ 40 ದಾಟುತ್ತದೆ. ಎಣಿಕೆ ತೀರಾ ಬೇರೆ ಬಂದರೆ ಹಗ್ಗವನ್ನೇ ಮತ್ತೆ ಅಳೆಯಿರಿ.

ನೆರಳಿನ ಮರಗಳಲ್ಲಿ ಸುತ್ತಳತೆ 30 ಸೆಂ.ಮೀ. ಮೀರಿದ್ದನ್ನೆಲ್ಲ ಬರೆದುಕೊಳ್ಳಿ: ಸಿಲ್ವರ್ ಓಕ್, ಹಾಲುವಾಣ, ಅತ್ತಿ, ಹೆಬ್ಬಲಸು, ಬೀಟೆ. ಅಳತೆ ನೆಲದಿಂದ 1.37 ಮೀ. ಎತ್ತರದಲ್ಲಿ, ಇಳಿಜಾರಿನ ಮೇಲ್ಬದಿಗೆ ನಿಂತು. ಟೇಪು ಮೆಣಸಿನ ಬಳ್ಳಿಯ ಒಳಗಿನಿಂದ ತೂರಬೇಕು, ಮೇಲಿಂದ ಸುತ್ತಿದರೆ ಮರ ಸುಮ್ಮನೆ ದಪ್ಪಗಾಗುತ್ತದೆ. ಬಳ್ಳಿಯನ್ನು ಕಿತ್ತು ಅಳೆದರೆ ಮುಂದಿನ ವರ್ಷ ತೋಟದ ಗೇಟು ತೆರೆಯುವುದಿಲ್ಲ! ಕವಲು 1.37 ಮೀ.ಗಿಂತ ಕೆಳಗೇ ಒಡೆದಿದ್ದರೆ ಎರಡನ್ನೂ ಬೇರೆ ಬೇರೆ ಅಳೆಯಿರಿ.

ನೆರಳು ಅಳೆಯಲು ದುಬಾರಿ ಉಪಕರಣ ಬೇಡ. ಗೇಣುದ್ದದ ಪಿವಿಸಿ ಪೈಪಿನಲ್ಲಿ ನೆಟ್ಟಗೆ ಮೇಲೆ ನೋಡುತ್ತ ಚೌಕದ 50 ಕಡೆ ಎಲೆಯೋ ಆಕಾಶವೋ ಎಂದು ಗುರುತಿಸಿದರೆ ಶೇಕಡಾವಾರು ಸಿಗುತ್ತದೆ. ಮರಗಸಿ (ನೆರಳಿನ ಮರದ ಕೊಂಬೆ ಸವರುವುದು) ಯಾವಾಗ ಆಯಿತೆಂದು ತೋಟದ ಲೆಕ್ಕ ನೋಡುವ ರೈಟರನ್ನು ಕೇಳಿ ಬರೆದಿಟ್ಟುಕೊಳ್ಳಿ. ಅದಿಲ್ಲದೆ ಎರಡು ತೋಟಗಳ ನೆರಳನ್ನು ಹೋಲಿಸಲಾಗದು.

ಅತಿ ಹೆಚ್ಚು ಕಲಿಸುವುದು ತರಗೆಲೆ. ಚೌಕದೊಳಗೆ 25 ಸೆಂ.ಮೀ. × 25 ಸೆಂ.ಮೀ. ಚೌಕಟ್ಟಿಟ್ಟು ಎಲೆಯನ್ನೆಲ್ಲ ಬಟ್ಟೆಚೀಲಕ್ಕೆ ತುಂಬಿ. ಪ್ಲಾಸ್ಟಿಕ್ ಚೀಲವಾದರೆ ಬಸ್ಸಿನಲ್ಲೇ ಬೆವತು ಹುಳುಗಳು ಸಾಯುತ್ತವೆ. ಇಂಬಳ (ಜಿಗಣೆ) ಹತ್ತದಿರಲೆಂದು ಹೊಗೆಸೊಪ್ಪು, ಸುಣ್ಣ ಮೆತ್ತಿಕೊಂಡ ಕೈಯಲ್ಲಿ ಎಲೆ ಮುಟ್ಟಬೇಡಿ. ಇಂಬಳಕ್ಕೆ ಹೆದರುವವರು ಪ್ಯಾಂಟನ್ನು ಸಾಕ್ಸಿನೊಳಗೆ ತುರುಕಿಕೊಳ್ಳಲಿ.

ಕಾಲೇಜಿಗೆ ಬಂದ ದಿನವೇ ದೊಡ್ಡ ಆಲಿಕೆಗೆ 2 ಮಿ.ಮೀ. ಜರಡಿ ಕೂರಿಸಿ ಎಲೆ ಹರಡಿ, ಕೆಳಗೆ ಶೇ. 70ರ ಆಲ್ಕೋಹಾಲ್ ಇರುವ ಬಾಟಲಿ, ಮೇಲೆ 40 ವಾಟಿನ ಹಳೆಯ ಬಲ್ಬು. ಬಿಸಿಗೆ ಎಲೆ ಮೇಲಿಂದ ಒಣಗುತ್ತ ಬಂದಂತೆ ಜೀವಿಗಳು ಕೆಳಗಿಳಿದು ಬಾಟಲಿಗೆ ಬೀಳುತ್ತವೆ. ಎಲ್‌ಇಡಿಯಲ್ಲಿ ಸಾಕಷ್ಟು ಬಿಸಿಯಿಲ್ಲ. 100 ವಾಟ್ ಹಾಕಿದರೆ ಎಲೆ ಸರ್ರನೆ ಒಣಗಿ, ಜೀವಿಗಳು ಕೆಳಗಿಳಿಯುವ ಮೊದಲೇ ಸತ್ತಿರುತ್ತವೆ. ಜರಡಿಯ ಬದಲು ಸೊಳ್ಳೆಪರದೆ ಹಾಕಿದರೆ ಜೀರುಂಡೆಗಳು ಮೇಲೇ ಉಳಿಯುತ್ತವೆ. 48 ಗಂಟೆ ಬಿಟ್ಟು ಬಾಟಲಿಯನ್ನು ಸೂಕ್ಷ್ಮದರ್ಶಕದಡಿ ಸುರಿದರೆ ನುಸಿಗಳೂ ಕೊಲೆಂಬೊಲಾ ಎಂಬ ಪುಟ್ಟ ಜಿಗಿಯುವ ಜೀವಿಗಳೂ ಕಾಣುತ್ತವೆ. ಬಾಟಲಿ ಬರಿದಾಗಿದ್ದರೆ ತೋಟ ಸತ್ತಿದೆ ಎಂದು ವರದಿ ಬರೆಯುವ ಮೊದಲು ಬೋರ್ಡೋ ದ್ರಾವಣ (ಶಿಲೀಂಧ್ರನಾಶಕ), ಕೀಟನಾಶಕ ಸಿಂಪಡಿಸಿದ ತಾರೀಕು ಕೇಳಿ, ಬಲ್ಬು ಸುಟ್ಟಿತ್ತೇ ನೋಡಿ.